ಇಪ್ಪತ್ತು ಮೀಟರ್ ಗೆರೆ ದಾಟಿ ಕೈಗೇ ಬರುವ ಬೂಮರಾಂಗ್: ಮನೆಯಲ್ಲಿ ಮಾಡುವುದು, ಹೊಲದಲ್ಲಿ ತಿದ್ದುವುದು

ಹೋದ ವರ್ಷ ಕಬ್ಬು ಕಡಿಯುವ ಹೊತ್ತಿಗೆ ಹೊಲದವರೊಬ್ಬರು ನನಗೆ ಎರಡು ಬೂಮರಾಂಗ್ ತಂದುಕೊಟ್ಟರು. ಎರಡೂ ನಾನೇ ಮಾಡಿದ್ದು, ನಾನೇ ಕಳೆದುಕೊಂಡಿದ್ದು. ಒಂದಕ್ಕೆ ಹಸಿರು ಬಣ್ಣ ಬಳಿದಿದ್ದೆ. ಕಬ್ಬಿನ ಹೊಲದ ಪಕ್ಕ ಆಡುವವನು ಹಸಿರು ಬಳಿಯುತ್ತಾನೆ ಅಂದರೆ ನೀವೇ ಯೋಚನೆ ಮಾಡಿ. ಹಾಗಾಗಿ ಮೊದಲ ಸಲಹೆ ಬಣ್ಣದ್ದೇ. ಕೇಸರಿ ಇಲ್ಲವೇ ಗುಲಾಬಿ, ಕಣ್ಣಿಗೆ ಚುಚ್ಚುವಂಥದ್ದು, ಎರಡೂ ಬದಿಗೆ. ಉಳಿದದ್ದು ಆಮೇಲೆ.

ನಾನಿರುವುದು ಬೆಳಗಾವಿಯಲ್ಲಿ. ಇಲ್ಲಿ ಬೂಮರಾಂಗ್ ಎಸೆಯುವವರು ಎಷ್ಟು ಜನ ಅಂದರೆ, ನಾನು, ಇಬ್ಬರು ಗೆಳೆಯರು, ಮತ್ತೆ ಎಡಗೈಯಲ್ಲಿ ಎಸೆಯುವ ಅಕ್ಕನ ಮಗಳು. ನಮ್ಮ ನಮ್ಮಲ್ಲೇ ಸ್ಪರ್ಧೆ ಮಾಡಿಕೊಳ್ಳುತ್ತೇವೆ. 20 ಮೀಟರ್ ಹಗ್ಗ ಹಿಡಿದು ರಂಗೋಲಿ ಪುಡಿಯಲ್ಲಿ ಗೆರೆ ಹಾಕುತ್ತೇವೆ, ಹೊರಗಿನ ದೇಶಗಳ ಸ್ಪರ್ಧೆಗಳಲ್ಲಿರುವ ನಿಯಮಗಳನ್ನೇ ಪಾಲಿಸುತ್ತೇವೆ. ಆಟಿಕೆ ಅಂಗಡಿಯ ಪ್ಲಾಸ್ಟಿಕ್ ಬೂಮರಾಂಗ್ ಹೆಂಗೋ ತಿರುಗಿ ಬಂದರೆ ಸಾಕು ಅನ್ನುವವರಿಗೆ ಇಷ್ಟೆಲ್ಲ ಬೇಕಿಲ್ಲ. ಲೆಕ್ಕದ ದೂರಕ್ಕೆ ಹೋಗಿ, ಲೆಕ್ಕದ ಹೊತ್ತಿಗೆ, ಎದೆಯ ಎತ್ತರಕ್ಕೆ ವಾಪಸ್ ಬರಬೇಕು ಅನ್ನುವವರು ಮುಂದೆ ಓದಿ.

ಮೊದಲು ಯಾವ ಸ್ಪರ್ಧೆಗೆ ಅಂತ ತೀರ್ಮಾನಿಸಿ

ಇದನ್ನು ಬಿಟ್ಟು ಮರ ಕತ್ತರಿಸಲು ಕೂರಬೇಡಿ. ಎಲ್ಲದಕ್ಕೂ ಆಗುವ ಬೂಮರಾಂಗ್ ಅಂತ ಒಂದಿಲ್ಲ.

ಗಾಳಿಯಲ್ಲಿ ಎಷ್ಟು ಹೊತ್ತು ತೇಲುತ್ತದೆ ಅನ್ನುವ ಸ್ಪರ್ಧೆ ಒಂದಿದೆ. ಅದಕ್ಕೆ ಹಾಕಿ ಕೋಲಿನ ಹಾಗೆ ಒಂದು ತೋಳು ಉದ್ದ, ಒಂದು ಗಿಡ್ಡ ಇರುವ, ತೆಳ್ಳಗಿನ, ತೀರಾ ಹಗುರದ್ದು ಬೇಕು. 1993ರಲ್ಲಿ ಅಮೆರಿಕದ ಜಾನ್ ಗೋರ್ಸ್ಕಿ ಎಸೆದ ಬೂಮರಾಂಗ್ ಬಿಸಿಗಾಳಿಯ ಸುಳಿಗೆ ಸಿಕ್ಕಿ 17 ನಿಮಿಷ 6 ಸೆಕೆಂಡ್ ಮೇಲೆಯೇ ಇತ್ತು. ನಮ್ಮ ಕಡೆ ಮಧ್ಯಾಹ್ನ ಹದ್ದು ರೆಕ್ಕೆ ಬಡಿಯದೆ ಸುತ್ತುತ್ತಿರುತ್ತದಲ್ಲ, ಅದೇ ಗಾಳಿ. ದೂರದ ಸ್ಪರ್ಧೆ ಇದಕ್ಕೆ ತದ್ವಿರುದ್ಧ. ತೆಳು ಆದರೆ ಭಾರದ ಹಾಳೆ, ತುದಿಗೆ ಸೀಸದ ತೂಕ. ಸ್ವಿಟ್ಜರ್ಲೆಂಡಿನ ಮ್ಯಾನುಯೆಲ್ ಶುಟ್ಜ್ 1999ರಲ್ಲಿ 238 ಮೀಟರ್ ದೂರ ಕಳಿಸಿ ವಾಪಸ್ ತರಿಸಿಕೊಂಡಿದ್ದರು. ಗುರಿಯ ಸ್ಪರ್ಧೆಯಲ್ಲಿ ನೀವು ನಿಂತ ಜಾಗದ ಸುತ್ತ 2, 4, 6, 8, 10 ಮೀಟರಿನ ವೃತ್ತಗಳಿರುತ್ತವೆ. ಎಸೆದದ್ದನ್ನು ಮುಟ್ಟುವ ಹಾಗಿಲ್ಲ, ಒಳಗೆ ಬಿದ್ದಷ್ಟೂ ಅಂಕ ಜಾಸ್ತಿ.

ನಾನು ಹೇಳಿಕೊಡುವುದು ಇವ್ಯಾವುದೂ ಅಲ್ಲ, ಫಾಸ್ಟ್ ಕ್ಯಾಚ್. ಒಂದೇ ಬೂಮರಾಂಗನ್ನು ಐದು ಸಲ ಎಸೆದು ಐದು ಸಲ ಹಿಡಿಯಬೇಕು, ಪ್ರತಿ ಸಲವೂ ಅದು 20 ಮೀಟರ್ ಗೆರೆ ದಾಟಿರಬೇಕು, ಯಾರು ಬೇಗ ಮುಗಿಸುತ್ತಾರೋ ಅವರು ಗೆದ್ದರು. ಜಗತ್ತಿನ ಅಗ್ರರು ಇದನ್ನು 15 ಸೆಕೆಂಡಿನ ಒಳಗೆ ಮುಗಿಸಿದ್ದಾರೆ. ಅಂದರೆ ಹೋಗಿ, ಬಂದು, ಹಿಡಿದು, ಮತ್ತೆ ಎಸೆಯಲು ಸುಮಾರು ಮೂರೇ ಸೆಕೆಂಡ್! ನನ್ನದು ಇನ್ನೂ 30ರ ಮೇಲೇ ಇದೆ, ನಗಬೇಡಿ. ಹೊಸಬರಿಗೆ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮೂರು ರೆಕ್ಕೆಯದು ಸಾಕು, ಸಣ್ಣ ತುಂಡು ಪ್ಲೈ ಸಾಕು, ಮಾಡಿದ್ದು ಸರಿಯೋ ತಪ್ಪೋ ಅಂತ ಅಲ್ಲೇ ಗೊತ್ತಾಗುತ್ತದೆ.

ಅದು ತಿರುಗುವುದು ಯಾಕೆ ಅಂತ ಎರಡು ಮಾತು, ಇಲ್ಲದಿದ್ದರೆ ಮುಂದಿನ ತಿದ್ದುಪಡಿ ಅರ್ಥವಾಗುವುದಿಲ್ಲ. ಚಿಕ್ಕವರಿದ್ದಾಗ ಸೈಕಲ್ ಟೈರನ್ನು ಕೋಲಿನಿಂದ ಹೊಡೆಯುತ್ತಾ ಓಡಿಸಿದ್ದೀರಿ ಅಲ್ವಾ? ಓಡುವ ಟೈರ್ ಎಡಕ್ಕೆ ವಾಲಿದರೆ ಬೀಳುವುದಿಲ್ಲ, ಎಡಕ್ಕೆ ತಿರುಗುತ್ತದೆ. ಬೂಮರಾಂಗ್ ಕತೆಯೂ ಅಷ್ಟೇ. ಅದನ್ನು ಹೆಚ್ಚುಕಡಿಮೆ ನಿಲ್ಲಿಸಿ ಹಿಡಿದು ಎಸೆಯುತ್ತೇವೆ. ಆಗ ಮೇಲೆ ಬಂದ ರೆಕ್ಕೆ ಮುಂದಕ್ಕೆ ಬೀಸುತ್ತಿರುತ್ತದೆ, ಕೆಳಗಿನದು ಹಿಂದಕ್ಕೆ. ಮೇಲಿನದಕ್ಕೆ ಗಾಳಿ ಜೋರಾಗಿ ತಾಗುವುದರಿಂದ ಅಲ್ಲಿ ತಳ್ಳುವ ಬಲ ಜಾಸ್ತಿ, ಅದು ಬೂಮರಾಂಗನ್ನು ಎಡಕ್ಕೆ ವಾಲಿಸಲು ನೋಡುತ್ತದೆ. ಸುತ್ತುತ್ತಿರುವ ವಸ್ತು ವಾಲುವ ಬದಲು ತಿರುಗುತ್ತದೆ. ಕತೆ ಮುಗಿಯಿತು. ಡಚ್ ವಿಜ್ಞಾನಿ ಫೆಲಿಕ್ಸ್ ಹೆಸ್ 1975ರಲ್ಲಿ ಗ್ರೋನಿಂಗೆನ್ ವಿಶ್ವವಿದ್ಯಾಲಯದಲ್ಲಿ ಇದರ ಮೇಲೇ ಪಿಎಚ್‌ಡಿ ಮಾಡಿದರು, ಅಷ್ಟು ಆಳ ನಮಗೆ ಬೇಡ. ಆದರೆ ಲೆಕ್ಕದಿಂದ ಹೊರಬರುವ ಒಂದು ವಿಷಯ ಮಾತ್ರ ಗೋಡೆಗೆ ಬರೆದಿಟ್ಟುಕೊಳ್ಳಿ. ಬೂಮರಾಂಗ್ ಸುತ್ತುವ ವೃತ್ತದ ಅಳತೆ ನಿಮ್ಮ ತೋಳಿನ ಬಲದ ಮೇಲೆ ನಿಂತಿಲ್ಲ. ಮರದ ತೂಕ ಎಲ್ಲಿ ಕೂತಿದೆ, ರೆಕ್ಕೆ ಎಷ್ಟು ಎತ್ತುತ್ತದೆ, ಗಾಳಿ ಎಷ್ಟು ದಟ್ಟವಾಗಿದೆ, ಇವುಗಳ ಮೇಲೆ ನಿಂತಿದೆ. ಜೋರಾಗಿ ಎಸೆದರೆ ಅದೇ ವೃತ್ತ ಬೇಗ ಮುಗಿಯುತ್ತದೆ, ಅಷ್ಟೇ.

ಇದರ ಅರ್ಥ ಏನು? ನಿಮ್ಮ ಬೂಮರಾಂಗ್ 25 ಮೀಟರ್ ಹೋಗುತ್ತಿದ್ದರೆ ಆ ಐದು ಮೀಟರ್ ಸುಮ್ನೆ ದಂಡ. 19 ಹೋದರೆ ಎಣಿಕೆಗೇ ಇಲ್ಲ. 21ರಿಂದ 22, ಅಷ್ಟರಲ್ಲಿ ಕೂರಿಸಬೇಕು. ಈ ಒಂದೆರಡು ಮೀಟರಿನ ಜಾಗಕ್ಕೆ ಬೂಮರಾಂಗನ್ನು ತಂದು ನಿಲ್ಲಿಸುವುದೇ ಪೂರ್ತಿ ಕೆಲಸ.

ಮರ, ಅಳತೆ, ಕತ್ತರಿಸುವುದು

ಪ್ಲೈವುಡ್ ಅಂಗಡಿಯಲ್ಲಿ ಎಂಟು ಅಡಿ ನಾಲ್ಕು ಅಡಿಯ ಹಾಳೆ ತೋರಿಸುತ್ತಾರೆ. ಬೇಡ, ಉಳಿದ ತುಂಡು ಕೇಳಿ. 303 ನಂಬರಿನ ಕಮರ್ಷಿಯಲ್ ಪ್ಲೈ ಬೇಡ, 710 ಮುದ್ರೆಯ ಮರೈನ್ ಪ್ಲೈ ಇರಲಿ. ಆದರೆ ನಮ್ಮ ಅಂಗಡಿಗಳ 4 ಎಂಎಂ ಪ್ಲೈನಲ್ಲಿ ಸಾಮಾನ್ಯವಾಗಿ ಮೂರೇ ಪದರ. ಕಲಿಯಲು ಸಾಕು, ಆಮೇಲೆ ಸಾಲದು. ವಿಮಾನದ ಮಾದರಿ ಮಾಡುವವರು ಬಳಸುವ ಬರ್ಚ್ ಪ್ಲೈ ಆನ್‌ಲೈನಿನಲ್ಲಿ ಸಿಗುತ್ತದೆ, ಅದರಲ್ಲಿ 5 ಎಂಎಂನದು ತರಿಸಿ. ಪದರ ತೆಳ್ಳಗಿರುತ್ತವೆ, ಒಳಗೆ ಟೊಳ್ಳು ಇರುವುದಿಲ್ಲ. ಯಾವುದೇ ತಂದರೂ ಒಮ್ಮೆ ಬೆರಳಿನಿಂದ ಬಡಿದು ನೋಡಿ. ಒಳಗೆ ಖಾಲಿ ಇದ್ದ ಕಡೆ ಸದ್ದು ಬೇರೆ ಬರುತ್ತದೆ.

ಇಲ್ಲಿನ ಕಾರ್ಖಾನೆಗಳಿರುವ ಉದ್ಯಮಬಾಗ ಕಡೆ ಪರಿಚಯದವರಿದ್ದರೆ ಹೈಲಂ ಶೀಟಿನ ತುಂಡು ಕೇಳಬಹುದು, ವಿದ್ಯುತ್ ಪ್ಯಾನೆಲ್ಲಿಗೆ ಹಾಕುತ್ತಾರಲ್ಲ, ಅದು. ಗಟ್ಟಿ, ಭಾರ, ತೆಳು. ದೂರದ ಬೂಮರಾಂಗಿಗೆ ಒಳ್ಳೆಯದು, ನಮ್ಮ ಕೆಲಸಕ್ಕೆ ಅಲ್ಲ. ಅದರ ಪುಡಿ ಮೂಗಿಗೆ ಹೋಗಬಾರದು, ಮಾಸ್ಕ್ ಇಲ್ಲದೆ ಉಜ್ಜಬೇಡಿ. ಪ್ಲೈ ಉಜ್ಜುವಾಗಲೂ ಹಾಕಿಕೊಳ್ಳಿ.

ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದ ಅಂಟಿಸಿ ಅಚ್ಚು ಮಾಡಿಕೊಳ್ಳಿ. ಕೈವಾರವನ್ನು 14 ಸೆಂಟಿಮೀಟರಿಗೆ ತೆರೆದು ಒಂದು ವೃತ್ತ ಎಳೆಯಿರಿ. ಅದೇ ಅಳತೆ ಬದಲಿಸದೆ ವೃತ್ತದ ಅಂಚಿನ ಮೇಲೆ ಹೆಜ್ಜೆ ಹಾಕುತ್ತಾ ಹೋದರೆ ಸರಿಯಾಗಿ ಆರು ಗುರುತು ಬರುತ್ತವೆ. ಒಂದು ಬಿಟ್ಟು ಒಂದನ್ನು ನಡುವಿಗೆ ಸೇರಿಸಿ, ಮೂರು ರೆಕ್ಕೆಗಳ ನಡುಗೆರೆ ಸಿಕ್ಕಿತು. ರೆಕ್ಕೆಯ ಅಗಲ 4 ಸೆಂಟಿಮೀಟರ್, ತುದಿ ದುಂಡಗೆ. ಎರಡು ರೆಕ್ಕೆ ಕೂಡುವ ಒಳಮೂಲೆ ಚೂಪಾಗಿ ಬಿಡಬೇಡಿ, ಅಲ್ಲಿಂದಲೇ ಸೀಳುತ್ತದೆ. ಸೋಡಾ ಬಾಟಲಿಯ ಮುಚ್ಚಳ ಇಟ್ಟು ದುಂಡು ಗೆರೆ ಹಾಕಿ.

ಕತ್ತರಿಸಲು ಜಿಗ್ಸಾ ಮಷಿನ್ ಇದ್ದರೆ ಹತ್ತು ನಿಮಿಷದ ಕೆಲಸ. ಇಲ್ಲದಿದ್ದರೆ ಸಣ್ಣ ಹಲ್ಲಿನ ಕೈಗರಗಸ, ಒಂದು ಸಂಜೆ. ನಾನು ಮೊದಲನೆಯದನ್ನು ನಮ್ಮ ಓಣಿಯ ಬಡಿಗೇರ ಕಾಕಾನ ಬಳಿ ಕತ್ತರಿಸಿಸಿದೆ. "ಇದೇನೋ ತಮ್ಮಾ, ಫ್ಯಾನ್ ಮಾಡಾಕತ್ತಿಯೇನು?" ಅಂದರು. ಒಗೆದರೆ ವಾಪಸ್ ಬರುತ್ತದೆ ಕಾಕಾ ಅಂದೆ. "ವಾಪಸ್ ಬರೂದಿದ್ರ ಒಗೀಬೇಕ್ಯಾಕ?" ಅಂದರು. ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ಈಗ ಅತಿ ಮುಖ್ಯವಾದದ್ದು. ಕತ್ತರಿಸಿದ ಕೂಡಲೇ ಒಂದು ಬದಿಗೆ 'ಮೇಲೆ' ಅಂತ ಬರೆಯಿರಿ. ಆ ಬದಿ ನಿಮ್ಮ ಕಡೆ ಇರಲಿ. ಒಂದು ರೆಕ್ಕೆಯ ತುದಿ ಆಚೆ ನೋಡುವಂತೆ ಹಿಡಿಯಿರಿ. ನೀವು ಬಲಗೈಯಲ್ಲಿ ಎಸೆಯುವವರಾದರೆ ಅದರ ಎಡ ಅಂಚು ಮುಂದಂಚು, ಅಂದರೆ ಗಾಳಿ ಸೀಳಿಕೊಂಡು ಹೋಗುವ ದಪ್ಪ ಅಂಚು. ಬಲ ಅಂಚು ಹಿಂದಂಚು, ತೆಳ್ಳಗೆ ಇಳಿಯುವುದು. ಮೂರೂ ರೆಕ್ಕೆಗೆ ಹೀಗೆಯೇ, ತಿರುಗಿಸಿ ತಿರುಗಿಸಿ ಗುರುತು ಹಾಕಿ. ಎಡಗೈಯವರಿಗೆ ಎಲ್ಲ ಉಲ್ಟಾ. ನಾನು ಮೊದಲ ಸಲ ಒಂದು ಬದಿಗೆ ಗುರುತು ಹಾಕಿ, ಚಹಾ ಕುಡಿದು ಬಂದು, ಇನ್ನೊಂದು ಬದಿಗೆ ಅದನ್ನೇ ನೆನಪಿನಿಂದ ಕೆತ್ತಿದೆ. ಎರಡು ಸಂಜೆ ಉಜ್ಜಿ ಹೊಲಕ್ಕೆ ಒಯ್ದರೆ ಬಲಕ್ಕೆ ತಿರುಗಿ ಮಣ್ಣಿಗೆ ಬೀಳುತ್ತಿತ್ತು. ಒಂದು ವಾರ ನನ್ನ ಎಸೆತವೇ ತಪ್ಪು ಅಂದುಕೊಂಡಿದ್ದೆ. ಆಮೇಲೆ ಅಕ್ಕನ ಮಗಳು ಎಡಗೈಯಲ್ಲಿ ಎಸೆದಳು, ನೆಟ್ಟಗೆ ವಾಪಸ್ ಬಂತು. ಆ ಬೂಮರಾಂಗ್ ಈಗ ಅವಳದೇ.

ಉಜ್ಜುವುದು

ಎಲ್ಲರೂ ಅವಸರ ಮಾಡುವುದು ಇಲ್ಲಿ. ಅಡಿಭಾಗ ಚಪ್ಪಟೆಯಾಗಿಯೇ ಇರಲಿ, ಅದನ್ನು ಮುಟ್ಟಬೇಡಿ. ಮೇಲ್ಭಾಗದಲ್ಲಿ ಮುಂದಂಚಿನಿಂದ 1 ಸೆಂಟಿಮೀಟರ್ ಒಳಗೆ ಒಂದು ಪೆನ್ಸಿಲ್ ಗೆರೆ, ಹಿಂದಂಚಿನಿಂದ ಎರಡೂವರೆ ಸೆಂಟಿಮೀಟರ್ ಒಳಗೆ ಇನ್ನೊಂದು. ಮೊದಲ ಗೆರೆಯಿಂದ ಅಂಚಿಗೆ ಗಿಡ್ಡ, ದುಂಡನೆಯ ಇಳಿಜಾರು. ಎರಡನೆಯದರಿಂದ ಉದ್ದ, ನಿಧಾನದ ಇಳಿಜಾರು. ಹಿಂದಂಚು ಕೊನೆಯಲ್ಲಿ ಒಂದು ಎಂಎಂ ದಪ್ಪ ಉಳಿಯಲಿ. ಚಾಕುವಿನ ಹಾಗೆ ಮಾಡಿದರೆ ಒಂದೇ ಬೀಳಿಗೆ ಚಕ್ಕೆ ಏಳುತ್ತದೆ. ಮೇಲಾಗಿ ಜೋರಾಗಿ ಬರುವ ಇದನ್ನು ಬರಿಗೈಯಲ್ಲಿ ಹಿಡಿಯಬೇಕು, ನೆನಪಿರಲಿ.

ಮೊದಲು ಒರಟು ಅರದಿಂದ ತೆಗೆಯಿರಿ. ಬೆಳಗಾವಿ ಅಂಗಡಿಗಳಲ್ಲಿ 'ಕಾನಸ' ಅಂದರೆ ಬೇಗ ಕೊಡುತ್ತಾರೆ. ಆಮೇಲೆ ಪಾಲಿಶ್ ಪೇಪರ್, ಒರಟು ನಂಬರಿನಿಂದ ನುಣುಪಿನದಕ್ಕೆ: 80, 120, 220, ಕೊನೆಗೆ 400. ಕಾಗದವನ್ನು ಬೆರಳಿಗೆ ಸುತ್ತಿ ಉಜ್ಜಬೇಡಿ, ಗುಂಡಿ ಬೀಳುತ್ತವೆ. ಸಣ್ಣ ಮರದ ತುಂಡಿಗೆ ಸುತ್ತಿ ಉಜ್ಜಿ.

ಉಜ್ಜುತ್ತಾ ಹೋದಂತೆ ಒಂದು ಸೊಗಸಾದ ಸಂಗತಿ ಆಗುತ್ತದೆ. ಪ್ಲೈನ ಪದರಗಳು ಒಂದೊಂದಾಗಿ ಮೇಲೆ ಬರುತ್ತವೆ, ಒಂದು ಬಿಳಿ ಒಂದು ಕಂದು, ನಡುವೆ ಅಂಟಿನ ಕಪ್ಪು ಗೆರೆ. ಬಡಿಗೇರ ಕಾಕಾ ಇದನ್ನು ನೋಡಿ, "ಒಡ್ಡು ಹಾಕಿದ ಹೊಲದಂಗ ಕಾಣಸ್ತೈತಿ" ಅಂದರು. ಸರಿಯಾದ ಮಾತು. ಇಳಿಜಾರಿನ ಹೊಲದಲ್ಲಿ ಒಡ್ಡುಗಳು ಸಮ ಎತ್ತರ ಹಿಡಿದು ಸಾಗುತ್ತವಲ್ಲ, ಈ ಗೆರೆಗಳೂ ಹಾಗೆಯೇ. ಗೆರೆ ಅಂಚಿಗೆ ಸಮಾನಾಂತರವಾಗಿ ನೆಟ್ಟಗೆ ಹೋದರೆ ನಿಮ್ಮ ಇಳಿಜಾರು ಸಮ ಇದೆ. ಗೆರೆ ಒಳಕ್ಕೆ ಬಾಗಿದ ಕಡೆ ಜಾಸ್ತಿ ತೆಗೆದಿದ್ದೀರಿ, ಹೊರಕ್ಕೆ ಉಬ್ಬಿದ ಕಡೆ ಇನ್ನೂ ತೆಗೆಯಬೇಕು. ಮೂರೂ ರೆಕ್ಕೆಗಳ ಗೆರೆಗಳು ಒಂದರಂತೆ ಒಂದು ಕಾಣುವವರೆಗೆ ಬಿಡಬೇಡಿ. ವರ್ನಿಯರ್ ಕ್ಯಾಲಿಪರ್ ಬೇಕಿಲ್ಲ, ಕಣ್ಣೇ ಸಾಕು. ತೆಳು ಪದರಗಳ ಬರ್ಚ್ ಪ್ಲೈ ತರಿಸಿ ಅಂದಿದ್ದು ಇದಕ್ಕೇ. ಮೂರು ಪದರದಲ್ಲಿ ಎರಡೇ ಗೆರೆ ಇರುತ್ತವೆ, ತಪ್ಪು ಕಾಣುವುದಿಲ್ಲ.

ಆಮೇಲೆ ತೂಕ. ನಟ್ಟನಡುವೆ ಗುಂಡುಸೂಜಿಯಷ್ಟು ತೂತು ಮಾಡಿ, ಸೂಜಿ ತೂರಿಸಿ, ನಿಲ್ಲಿಸಿ ತಿರುಗಿಸಿ. ಪ್ರತಿ ಸಲ ಒಂದೇ ರೆಕ್ಕೆ ಕೆಳಗೆ ಬಂದು ನಿಂತರೆ ಅದು ಭಾರ, ಅದನ್ನೇ ಇನ್ನಷ್ಟು ಉಜ್ಜಿ. ಕತ್ತರಿಸಿದಾಗ 50 ಗ್ರಾಂ ಆಸುಪಾಸು ಇದ್ದದ್ದು ಈಗ 32ರಿಂದ 35ಕ್ಕೆ ಇಳಿದಿರಬೇಕು. ನಾನು ಮೊದಮೊದಲು ಪರಿಚಯದ ಸರಾಫರ ಅಂಗಡಿಯಲ್ಲಿ ತೂಗಿಸುತ್ತಿದ್ದೆ, ಗ್ರಾಹಕರು ಇಲ್ಲದ ಹೊತ್ತು ನೋಡಿಕೊಂಡು. ಈಗ ಸಣ್ಣ ಡಿಜಿಟಲ್ ತಕ್ಕಡಿ ಕೊಂಡಿದ್ದೇನೆ.

ಬಣ್ಣ, ವಾರ್ನಿಶ್ ಇನ್ನೂ ಬೇಡ. ಬೋಳು ಮರವನ್ನೇ ಹೊಲಕ್ಕೆ ಒಯ್ಯಬೇಕು.

ಹೊಲದಲ್ಲಿ

ಜಾಗ ಮೊದಲು. ನಿಮ್ಮ ಸುತ್ತ ಎಲ್ಲ ಕಡೆಗೂ 50 ಮೀಟರ್ ಖಾಲಿ ಇರಬೇಕು. ವ್ಯಾಕ್ಸಿನ್ ಡಿಪೋ ಮೈದಾನದಂಥ ಕಡೆ ಬೆಳಗ್ಗೆ ವಾಕಿಂಗಿಗೆ ಬರುವವರು ಜಾಸ್ತಿ, ಅಲ್ಲಿ ಬೇಡವೇ ಬೇಡ. 35 ಗ್ರಾಂ ಅಷ್ಟೇ ಅಲ್ವಾ ಅನ್ನಬೇಡಿ, ಕಣ್ಣಿಗೆ ತಾಗಿದರೆ ಅಷ್ಟೇ ಸಾಕು. ಬೆಳೆ ತೆಗೆದ ಜೋಳದ ಹೊಲ ಒಳ್ಳೆಯದು, ಹೊಲದವರನ್ನು ಕೇಳಿಕೊಂಡು ಹೋಗಿ. ಬೈಲಹೊಂಗಲ, ಸವದತ್ತಿ ಕಡೆಯ ಎರೆ ಮಣ್ಣಿನಲ್ಲಿ ಬಿದ್ದರೆ ಬೂಮರಾಂಗಿಗೆ ಏನೂ ಆಗುವುದಿಲ್ಲ. ಬೆಳಗಾವಿ ಸುತ್ತಲಿನ ಕೆಂಪು ಜಂಬಿಟ್ಟಿಗೆ ನೆಲಕ್ಕೆ ಬಿದ್ದರೆ ತುದಿ ಹೋಯಿತು ಅಂತಲೇ ತಿಳಿಯಿರಿ. ಹೊತ್ತು ಬೆಳಗಿನ ಜಾವ, ಚಳಿಗಾಲವಾದರೆ ಇನ್ನೂ ಒಳ್ಳೆಯದು. ಮಾರ್ಚಿನ ಮಧ್ಯಾಹ್ನ ಸಣ್ಣ ಸಣ್ಣ ಸುಂಟರಗಾಳಿ ಎದ್ದು ಎಲ್ಲ ಲೆಕ್ಕ ಕೆಡಿಸುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ಪಡುವಣ ಗಾಳಿಗೆ ಮಾತೇ ಇಲ್ಲ, ಛತ್ರಿಯೇ ನಿಲ್ಲದ ಊರಿನಲ್ಲಿ ಬೂಮರಾಂಗ್ ಎಲ್ಲಿ ನಿಂತೀತು.

ಒಂದು ಚಿಟಿಕೆ ಧೂಳು ಬಿಟ್ಟು ಗಾಳಿ ಎತ್ತಲಿಂದ ಅಂತ ನೋಡಿ. ಗಾಳಿಗೆ ಮುಖ ಮಾಡಿ ನಿಂತು, ಅಲ್ಲಿಂದ ಬಲಕ್ಕೆ ಸುಮಾರು 45 ಡಿಗ್ರಿ ತಿರುಗಿ. ಕೆತ್ತಿದ ಬದಿ ನಿಮ್ಮ ಕಡೆ ಇರಬೇಕು, ಬೂಮರಾಂಗ್ ನೆಟ್ಟಗಿನಿಂದ ಒಂಚೂರು ಹೊರಕ್ಕೆ, ಹತ್ತು ಹದಿನೈದು ಡಿಗ್ರಿಯಷ್ಟು, ವಾಲಿರಲಿ. ಕಣ್ಣಿನ ಎತ್ತರಕ್ಕೆ, ನೆಟ್ಟಗೆ ಮುಂದಕ್ಕೆ. ಕೈಬಿಡುವಾಗ ಮಣಿಕಟ್ಟು ಚಾಟಿಯ ಹಾಗೆ ಹೊಡೆಯಬೇಕು, ಬುಗುರಿ ಬಿಡುವಾಗ ಹೊಡೆಯುತ್ತಿದ್ದೆವಲ್ಲ, ಹಾಗೆ. ಸುತ್ತು ಮುಖ್ಯ, ಬಲ ಆಮೇಲೆ. ಚಪ್ಪಟೆಯಾಗಿ ಹಿಡಿದು ತಟ್ಟೆಯ ಹಾಗೆ ಎಸೆದರೆ ಆಕಾಶಕ್ಕೆ ಏರಿ, ಅಲ್ಲಿಂದ ನೆಟ್ಟಗೆ ನೆಲಕ್ಕೆ ಬಡಿದು ಮುರಿಯುತ್ತದೆ. ವಾಪಸ್ ಬಂದದ್ದನ್ನು ಎರಡು ಅಂಗೈ ನಡುವೆ, ಚಪ್ಪಾಳೆ ತಟ್ಟಿದಂತೆ ಹಿಡಿಯಿರಿ.

ಎಡಕ್ಕೆ ಬೀಳುತ್ತಿದ್ದರೆ ಇನ್ನೂ ಬಲಕ್ಕೆ ಎಸೆಯಿರಿ, ಬಲಕ್ಕೆ ಬೀಳುತ್ತಿದ್ದರೆ ಗಾಳಿಯ ಕಡೆಗೆ ತಿರುಗಿ. ಇದೆಲ್ಲ ಎಸೆತದ ತಪ್ಪು, ಮರದ್ದಲ್ಲ. ಒಂದೇ ಥರ ಹತ್ತು ಸಲ ಎಸೆಯಲು ಬರುವವರೆಗೆ ಮರಕ್ಕೆ ಕೈ ಹಾಕಬೇಡಿ. ನಾನು ನನ್ನ ತಪ್ಪಿಗೆ ಮರವನ್ನು ಉಜ್ಜಿ ಉಜ್ಜಿ ಎರಡು ಒಳ್ಳೆಯ ಬೂಮರಾಂಗ್ ಹಾಳು ಮಾಡಿದ್ದೇನೆ.

ತಿದ್ದುವುದು ಈಗ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಗೆ ಮೂರು ಎಸೆತ, ಪ್ರತಿ ಎಸೆತದ ದೂರ ಪುಸ್ತಕದಲ್ಲಿ. ಗೆರೆಯ ಹತ್ತಿರ ಒಬ್ಬರು ನಿಂತು ದಾಟಿತೋ ಇಲ್ಲವೋ ಕೂಗಬೇಕು, ಎಸೆದವರ ಕಣ್ಣಿಗೆ ಯಾವಾಗಲೂ ದಾಟಿದಂತೆಯೇ ಕಾಣುತ್ತದೆ.

ಮೂರು ರೆಕ್ಕೆಯದು ಮೊದಲ ಸಲ ಸಾಮಾನ್ಯವಾಗಿ ಮಾಡುವ ತಪ್ಪು ಮೇಲಕ್ಕೆ ಏರುವುದು. ವಾಪಸ್ ಬರುವಾಗ ತಲೆಯ ಮೇಲೆ ನಿಂತು ಗಿರಗಿರ ಸುತ್ತುತ್ತಾ ನಿಧಾನಕ್ಕೆ ಇಳಿಯುತ್ತದೆ. ನೋಡಲು ಚೆಂದ. ಆದರೆ ಫಾಸ್ಟ್ ಕ್ಯಾಚಿನಲ್ಲಿ ಹಾಗೆ ತೇಲುವ ಪ್ರತಿ ಸೆಕೆಂಡೂ ನಷ್ಟ. ಇದಕ್ಕೆ ರೆಕ್ಕೆಯ ತುದಿಗಳನ್ನು ಕೂದಲೆಳೆಯಷ್ಟು ಕೆಳಕ್ಕೆ ಬಾಗಿಸಬೇಕು. ತುದಿ ಮೇಲಕ್ಕೆ ಬಾಗಿದರೆ ಎತ್ತರ ಹಾರುತ್ತದೆ, ಬೇಗ ಮಲಗುತ್ತದೆ. ಕೆಳಕ್ಕೆ ಬಾಗಿದರೆ ತಗ್ಗಿನಲ್ಲಿ, ದೂರಕ್ಕೆ ಹೋಗುತ್ತದೆ. ಎಷ್ಟು ಬಾಗಿದೆ ಅಂತ ನೋಡುವುದು ಹೇಗೆ? ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಇಟ್ಟು ವಿಸಿಟಿಂಗ್ ಕಾರ್ಡ್ ತೂರಿಸಿ ಎಣಿಸಿ. ಮೂರು ಕಾರ್ಡ್ ಅಂದರೆ ಸುಮಾರು ಒಂದು ಎಂಎಂ. ನಡುವೆ ಮೂರು ಕಾರ್ಡ್ ಹೋಗುವಷ್ಟು ಬಾಗು ಬಂದರೆ ಮೊದಲ ಸಲಕ್ಕೆ ಸಾಕು.

ಬಾಗಿಸಲು ಮರ ಬಿಸಿಯಾಗಿರಬೇಕು. ಅವ್ವ ರೊಟ್ಟಿ ಮುಗಿಸಿ ಒಲೆ ಆರಿಸಿದ ಮೇಲೆ ಹಂಚಿನಲ್ಲಿ ಉಳಿದ ಕಾವು ಇದಕ್ಕೆ ಹದವಾಗಿರುತ್ತದೆ. ರೆಕ್ಕೆಯನ್ನು ಹಂಚಿನ ಮೇಲೆ ಅರ್ಧ ನಿಮಿಷ ಹಿಡಿದು, ಮುಟ್ಟಲು ಬಿಸಿ ಅನ್ನಿಸುವ ಹೊತ್ತಿಗೆ ತೆಗೆದು, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬಾಗಿಸಿ, ಪೂರ್ತಿ ಆರುವವರೆಗೆ ಹಾಗೇ ಹಿಡಿಯಿರಿ. ಬಿಟ್ಟ ಮೇಲೆ ಸ್ವಲ್ಪ ವಾಪಸ್ ಹೋಗುತ್ತದೆ. ವಾರ್ನಿಶ್ ಹಚ್ಚಿದ್ದನ್ನು ಮಾತ್ರ ಹಂಚಿನ ಮೇಲೆ ಇಡಬೇಡಿ. ನಾನು ಇಟ್ಟೆ. "ರೊಟ್ಟಿ ಹಂಚಿನ ಮ್ಯಾಲ ಕಟಗಿ ಸುಡಾಕತ್ತಿ? ಹುಚ್ಚ ಹಿಡದೈತೇನು ನಿನಗ?" ಅಂತ ಅವ್ವ ಶುರು ಮಾಡಿದ್ದು ಮೂರು ದಿನ ನಿಲ್ಲಲಿಲ್ಲ. ಈಗ ನನಗೆ ಅಂತಲೇ ಹಳೆಯ ಹಂಚೊಂದು ಹಿತ್ತಲಲ್ಲಿದೆ.

ಬಾಗಿಸಿದರೂ ಕೊನೆಯಲ್ಲಿ ತೇಲುತ್ತದೆ ಅಂದರೆ ಗಾಳಿಗೆ ಅಡ್ಡಿ ಬೇಕು. ರೆಕ್ಕೆಯ ತುದಿಯ ಕಡೆಗೆ 6 ಎಂಎಂ ತೂತುಗಳನ್ನು ಕೊರೆದರೆ ಎತ್ತುವ ಬಲ ಕಡಿಮೆಯಾಗಿ ಸುತ್ತು ಬೇಗ ಇಳಿಯುತ್ತದೆ, ಬೂಮರಾಂಗ್ ಕೈಗೆ ಬಂದು ಬೀಳುತ್ತದೆ. ಆದರೆ ಕೊರೆದದ್ದನ್ನು ಮುಚ್ಚಲು ಆಗುವುದಿಲ್ಲ. ಅದಕ್ಕೆ ಮೊದಲು ಟೇಪಿನ ಸಣ್ಣ ತುಂಡನ್ನು ಮಡಚಿ ಕಿವಿಯ ಹಾಗೆ ಎದ್ದು ನಿಲ್ಲುವಂತೆ ಅಂಟಿಸಿ ಎಸೆದು ನೋಡಿ. ಒಳ್ಳೆಯದಾಯಿತು ಅನ್ನಿಸಿದರೆ ಮಾತ್ರ ಡ್ರಿಲ್ ತೆಗೆಯಿರಿ. ಗಾಳಿ ಜಾಸ್ತಿ ಇದ್ದ ದಿನ ಪ್ರತಿ ರೆಕ್ಕೆಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿದರೂ ಇದೇ ಕೆಲಸ ಆಗುತ್ತದೆ, ಸಂಜೆ ತೆಗೆದುಬಿಡಬಹುದು.

ಇನ್ನು ದೂರ. ಗೆರೆ ಮುಟ್ಟುತ್ತಿಲ್ಲ ಅಂದರೆ ತುದಿಗೆ ತೂಕ. ಕಲಿಯುವಾಗ ಜನ ಒಂದು ರೂಪಾಯಿ ನಾಣ್ಯ ಅಂಟಿಸುತ್ತಾರೆ. ಒಂದು ನಾಣ್ಯ 3ರಿಂದ 4 ಗ್ರಾಂ, ಮೂರು ರೆಕ್ಕೆಗೆ ಮೂರು ಅಂದರೆ ಹತ್ತು ಗ್ರಾಂ. 33 ಗ್ರಾಂ ಬೂಮರಾಂಗಿಗೆ ಅದು ಕತ್ತೆಯ ಮೇಲೆ ಕಲ್ಲು ಹೇರಿದ ಹಾಗೆ. ಬೇಕಾಗುವುದು ಎಷ್ಟು ಕಡಿಮೆ ಅಂತ ನನಗೆ ಗೊತ್ತಾದದ್ದು ಕಾರವಾರದಲ್ಲಿ.

ಡಿಸೆಂಬರಿನಿಂದ ಏಪ್ರಿಲ್ ತನಕ ತಿದ್ದಿ ತಿದ್ದಿ ಸರಿಯಾಗಿ 21 ಮೀಟರಿಗೆ ತಂದಿದ್ದ ಬೂಮರಾಂಗ್ ಒಂದಿತ್ತು. ಗೆಳೆಯರ ಜೊತೆ ಕಾರವಾರದ ಬೀಚಿಗೆ ಹೋದಾಗ ಬೆಳಗ್ಗೆ ಎಸೆದೆ. ಗೆರೆ ದಾಟಲಿಲ್ಲ. ಮತ್ತೆ ಎಸೆದೆ, ಇಲ್ಲ. ಹಗ್ಗವೇ ತಪ್ಪಿರಬೇಕು ಅಂತ ಅಳೆದೆ. ಹಗ್ಗ ಸರಿಯಾಗಿಯೇ ಇತ್ತು. ವಾಪಸ್ ಬಂದು ಲೆಕ್ಕ ಹಾಕಿದ ಮೇಲೆ ತಿಳಿಯಿತು. ಬೆಳಗಾವಿ ಇರುವುದು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲೆ. ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ಸುಮಾರು 7 ಶೇಕಡಾ ತೆಳು. ತೆಳು ಗಾಳಿಯಲ್ಲಿ ರೆಕ್ಕೆ ಅಷ್ಟು ಎತ್ತುವುದಿಲ್ಲ, ತಿರುಗುವುದು ನಿಧಾನ, ವೃತ್ತ ದೊಡ್ಡದು. ದಟ್ಟ ಗಾಳಿಗೆ ಒಯ್ದರೆ ಅದೇ ಬೂಮರಾಂಗ್ ಬೇಗ ತಿರುಗುತ್ತದೆ. 21 ಇದ್ದದ್ದು 19.5 ಆಗುತ್ತದೆ! ಕಾವು ಕೂಡ ಇದೇ ಆಟ ಆಡುತ್ತದೆ. 15 ಡಿಗ್ರಿಯ ಡಿಸೆಂಬರ್ ಬೆಳಗ್ಗೆಗೂ 37 ಡಿಗ್ರಿಯ ಏಪ್ರಿಲ್ ಮಧ್ಯಾಹ್ನಕ್ಕೂ ಗಾಳಿಯ ದಟ್ಟಣೆಯಲ್ಲಿ ಇಷ್ಟೇ ವ್ಯತ್ಯಾಸ. ಅಂದರೆ ಕಾರವಾರಕ್ಕೆ ಹೋಗುವುದೇ ಬೇಡ, ಬೇಸಿಗೆಯಲ್ಲಿ ತಿದ್ದಿದ್ದು ಚಳಿಗಾಲದಲ್ಲಿ ಇದೇ ಹೊಲದಲ್ಲಿ ಕೈಕೊಡುತ್ತದೆ.

ಆ ಒಂದೂವರೆ ಮೀಟರ್ ವಾಪಸ್ ತರಲು ಎಷ್ಟು ತೂಕ ಬೇಕು? ನನ್ನ ಲೆಕ್ಕದಲ್ಲಿ ಪ್ರತಿ ತುದಿಗೆ 0.3 ಗ್ರಾಂ. ಟಿವಿ ರಿಪೇರಿಯವರ ಹತ್ತಿರ ಸಿಗುವ 1 ಎಂಎಂ ಸೋಲ್ಡರ್ ವೈರ್ ನಾಲ್ಕೂವರೆ ಸೆಂಟಿಮೀಟರ್ ಕತ್ತರಿಸಿದರೆ ಅಷ್ಟಾಗುತ್ತದೆ. ಅದನ್ನು ಸುರುಳಿ ಮಾಡಿ, ಚಪ್ಪಟೆ ಬಡಿದು, ತುದಿಯಿಂದ ಒಂದೂವರೆ ಸೆಂಟಿಮೀಟರ್ ಒಳಗೆ ಅಡಿಭಾಗಕ್ಕೆ ಟೇಪಿನಿಂದ ಅಂಟಿಸುತ್ತೇನೆ. ವೈರಿನಲ್ಲಿ ಸೀಸ ಇರುತ್ತದೆ, ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ. ಅದು ಬೇಡ ಅನ್ನುವವರು ಕರೆಂಟಿನ ಕೆಲಸದ ಇನ್ಸುಲೇಷನ್ ಟೇಪನ್ನೇ ಎರಡು ಮೂರು ತುಂಡು ಒಂದರ ಮೇಲೊಂದು ಹಾಕಿದರೂ ಆದೀತು. ನನ್ನ ಚೀಲದಲ್ಲಿ ಈಗ ಮೂರು ಮೂರರ ಜೊತೆ ಮಾಡಿದ ಸೋಲ್ಡರ್ ತುಂಡುಗಳ ಡಬ್ಬಿ ಇರುತ್ತದೆ: 0.2, 0.3, 0.5. ಮೊದಲ ಮೂರು ಎಸೆತ ನೋಡಿ ಯಾವುದು ಅಂತ ತೀರ್ಮಾನ.

ದೂರ ಜಾಸ್ತಿಯಾದರೆ ಉಲ್ಟಾ ದಾರಿ. ತುದಿಯ ಮೇಲ್ಭಾಗವನ್ನು 220 ಕಾಗದದಿಂದ ಹತ್ತು ಎಳೆತ ಉಜ್ಜಿ, ಎಣಿಸಿ, ಮೂರೂ ರೆಕ್ಕೆಗೆ ಅಷ್ಟೇ. ಇನ್ನೂ ಬೇಕಾದರೆ ಮುಂದಂಚಿನ ಅಡಿಯಲ್ಲಿ ಎರಡೇ ಎಳೆತ, ಆ ಚೂಪು ಮೂಲೆ ಮುರಿಯುವಷ್ಟು. ಅಲ್ಲಿ ಸ್ವಲ್ಪ ತೆಗೆದರೂ ರೆಕ್ಕೆ ಎತ್ತುವುದು ಜಾಸ್ತಿಯಾಗಿ ತಿರುವು ಬಿಗಿಯಾಗುತ್ತದೆ. ಅಡಿಭಾಗ ಮುಟ್ಟಬೇಡಿ ಅಂದಿದ್ದು ಇದಕ್ಕೇ, ಅಲ್ಲಿನ ಒಂದು ಎಳೆತ ಮೇಲಿನ ಹತ್ತಕ್ಕೆ ಸಮ.

ಎಲ್ಲ ಒಂದು ಹದಕ್ಕೆ ಬಂದ ಮೇಲೆ ಸ್ಯಾಂಡಿಂಗ್ ಸೀಲರ್ ಒಂದು ಕೋಟ್, ಒಣಗಿದ ಮೇಲೆ 400ರಿಂದ ಸವರಿ, ಬಣ್ಣ ತೆಳ್ಳಗೆ, ಅದರ ಮೇಲೆ ಪಿಯು ವಾರ್ನಿಶ್ ಎರಡು ಕೋಟ್. ಬಣ್ಣ ಹಚ್ಚಿದ ಮೇಲೆ ತೂಕ ಒಂದೆರಡು ಗ್ರಾಂ ಏರುತ್ತದೆ, ದೂರವೂ ಸ್ವಲ್ಪ ಬದಲಾಗುತ್ತದೆ. ಹೀಗಾಗಿ ಬೋಳು ಮರ 20.5ರಲ್ಲಿ ನಿಂತಿದ್ದಾಗಲೇ ನಾನು ಬಣ್ಣಕ್ಕೆ ಇಳಿಯುತ್ತೇನೆ.

ಮಳೆಗಾಲ ಬೂಮರಾಂಗಿನ ಶತ್ರು. ಬೆಳಗಾವಿಯ ಮಳೆ ಗೊತ್ತಲ್ಲ, ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ. ಪ್ಲೈ ತೇವ ಕುಡಿದು ತನಗೆ ತಿಳಿದ ಕಡೆ ಬಾಗುತ್ತದೆ. ಗೋಡೆಗೆ ಮೊಳೆ ಹೊಡೆದು ತೂಗುಹಾಕಬೇಡಿ, ನಾನು ಶೋಕಿಗೆ ತೂಗುಹಾಕಿ ಮೂರನ್ನು ಕೆಡಿಸಿಕೊಂಡೆ. ಸಮತಟ್ಟಾದ ಹಲಗೆಯ ಮೇಲೆ ಇಟ್ಟು, ಮೇಲೆ ಹಳೆಯ ದಪ್ಪ ಪುಸ್ತಕ ಹೇರಿ ಬೀರುವಿನಲ್ಲಿ ಇಡಿ. ಕೆಳಕ್ಕೆ ಬಾಗಿಸಿದವು ಚಪ್ಪಟೆಯಾಗದಂತೆ ನಡುವಿನ ಅಡಿಯಲ್ಲಿ ಮೂರು ವಿಸಿಟಿಂಗ್ ಕಾರ್ಡ್. ದಸರಾ ಕಳೆದು ಗಾಳಿ ಇಳಿದ ಮೇಲೆ ಮೊದಲು ಗ್ರಾನೈಟ್ ಕಟ್ಟೆಯ ಮೇಲೆ ಇಟ್ಟು ಕಾರ್ಡ್ ಎಣಿಸಿ, ಆಮೇಲೆ ಹೊಲಕ್ಕೆ ಹೊರಡಿ.

ಪ್ರತಿಯೊಂದರ ಅಡಿಯಲ್ಲಿ ವಾರ್ನಿಶ್ಶಿಗೆ ಮೊದಲು ಪೆನ್ಸಿಲ್ಲಿನಲ್ಲಿ ಬರೆದಿಡುತ್ತೇನೆ: ತಿಂಗಳು, ಬೆಳಗ್ಗೆಯೋ ಸಂಜೆಯೋ, ತೂಕ, ಕಾರ್ಡ್, ದೂರ. ಸದ್ಯ ಕೈಯಲ್ಲಿರುವುದು ಏಳನೆಯದು. 'ಜನವರಿ, ಬೆಳಗ್ಗೆ, 34 ಗ್ರಾಂ, 3 ಕಾರ್ಡ್, 21.5'. ಅದರ ಪಕ್ಕ ಬಡಿಗೇರ ಕಾಕಾ ತಮ್ಮ ಕೆಂಪು ಪೆನ್ಸಿಲ್ಲಿನಲ್ಲಿ 'ಫ್ಯಾನ್' ಅಂತ ಬರೆದಿದ್ದಾರೆ. ಅದರ ಮೇಲೂ ವಾರ್ನಿಶ್ ಹಚ್ಚಿದ್ದೇನೆ.